ಕುಂತ ಪೋರಿಗಿ ಯಾಕ ಎಬ್ಬಸ್ತೀರಿ?

ಇದರಲ್ಲಿ ಕೆಲವು ವಿವರ ತಪ್ಪಿರಬಹುದು, ಮೊದಲೇ ಹೇಳಿಬಿಡುತ್ತೇನೆ. ನಮ್ಮ ಹಳೆಯ ಮನೆಯ ಮುಂಬಾಗಿಲಿಗೆ ಹಸಿರು ಬಣ್ಣವಿತ್ತೋ, ಬರೀ ಎಣ್ಣೆ ಬಳಿದಿದ್ದರೋ, ಈಗ ನೆನಪಿಲ್ಲ. ಅದರ ಚಾವಿ ಮಾತ್ರ ನನ್ನ ಮೇಜಿನ ಮೇಲಿದೆ, ಗೇಣುದ್ದದ ಕಬ್ಬಿಣದ ಚಾವಿ. ಹೋದ ತಿಂಗಳು ಔರಾದಿಗೆ ಹೋದಾಗ ಅಕ್ಕ ತನ್ನ ಪೆಟ್ಟಿಗೆಯ ತಳದಿಂದ ತೆಗೆದುಕೊಟ್ಟಳು. “ಒಯ್ಯಿ, ನೀನೇ ಇಟ್ಕೋ. ಇದು ನಿನ್ನ ಸಲುವಾಗೇ ತಿರಗಿದ್ದು” ಅಂದಳು. ಮೂಸಿ ನೋಡಿದೆ. ತುಕ್ಕಿನ ವಾಸನೆ, ಅಷ್ಟೇ ಎನ್ನುತ್ತೀರಿ ನೀವು. ನನಗೆ ಎಮ್ಮೆಯ ವಾಸನೆಯೂ ಬಂತು.

ಬೀದರಿನ ನಮ್ಮ ಮನೆಗೆ ಎರಡು ಬಾಗಿಲಿದ್ದವು. ಮುಂಬಾಗಿಲು ಒಂದು ಗಲ್ಲಿಗೆ, ಎಮ್ಮೆ ಕಟ್ಟುವ ಹಿತ್ತಲ ಬಾಗಿಲು ಇನ್ನೊಂದು ಗಲ್ಲಿಗೆ. ಹೈದರಾಬಾದ್ ಸಂಸ್ಥಾನವನ್ನು ದೇಶಕ್ಕೆ ಸೇರಿಸಿದ ಪೊಲೀಸ್ ಆಕ್ಷನ್ ಆಗಿ ಒಂದೆರಡು ವರ್ಷ ಕಳೆದಿರಬೇಕು. ಗಂಜಿನ, ಅಂದರೆ ಧಾನ್ಯದ ಪೇಟೆಯ, ಆಚೆ ಹೆಣ್ಣುಮಕ್ಕಳಿಗೆ ಹೊಸ ಶಾಲೆ ತೆರೆದು, ಯಾವ ಗಲ್ಲಿಯವರು ಯಾವ ಶಾಲೆಗೆ ಎಂದು ಗೆರೆ ಎಳೆದರು. ನಮ್ಮ ಮುಂಬಾಗಿಲ ಗಲ್ಲಿ ಹೊಸ ಶಾಲೆಯ ಪಾಲಾಯಿತು, ಹಿತ್ತಲ ಗಲ್ಲಿ ಹಳೆಯದಕ್ಕೇ ಉಳಿಯಿತು. ನಾನಾಗ ನಾಲ್ಕನೆಯ ತರಗತಿ. ಪಕ್ಕದ ಮನೆಯ ಮೆಹರ್ ತರಗತಿಯಲ್ಲೂ ನನ್ನ ಪಕ್ಕವೇ ಗೋಣಿತಟ್ಟು ಹಾಸಿ ಕೂರುತ್ತಿದ್ದಳು. ವರ್ಷದ ನಡುವೆ ಇಬ್ಬರೂ ಎದ್ದು ಹೋಗಬೇಕೆಂದು ಹುಕುಂ ಬಂತು.

ನಮ್ಮ ಅಜ್ಜಿ ಭಾಲ್ಕಿ ಕಡೆಯವಳು, ಅವಳನ್ನು ಆಯಿ ಎನ್ನುತ್ತಿದ್ದೆವು. ಒಂದಕ್ಷರ ಬಾರದು. ಗಲಭೆಯ ಆ ಗಡಿಬಿಡಿ ದಿನಗಳಲ್ಲಿ ಶಾಲೆ ಮುಚ್ಚಿ ನಮ್ಮದೊಂದು ವರ್ಷ ಆಗಲೇ ಹಾಳಾಗಿತ್ತು. ಇನ್ನೊಮ್ಮೆ ಕಿತ್ತರೆ ಓದೇ ನಿಂತೀತೆಂಬ ಅಂಜಿಕೆ ಅವಳಿಗೆ. ಶಾಲೆಯ ಪಡಸಾಲೆಯಲ್ಲಿ ಕುಳಿತಿದ್ದ ವಿದ್ಯಾ ಇಲಾಖೆಯ ಇನ್‌ಸ್ಪೆಕ್ಟರ್ ಸಾಹೇಬರ ಎದುರಿಗೇ ಹೋಗಿ ನಿಂತಳು.

“ಹೊಸಾ ಪೋರಿಗೋಳಿಗಿ ಹೊಸಾ ಸಾಲಿಗಿ ಹಾಕ್ರಿ. ಕುಂತ ಪೋರಿಗಿ ಯಾಕ ಎಬ್ಬಸ್ತೀರಿ?”

“ಅಮ್ಮಾ, ಮುಂಬಾಗ್ಲ ಯಾವ ಗಲ್ಲಿಗದನೋ ಮನಿ ಆ ಗಲ್ಲೀದು. ಹುಕುಂ ಹಂಗ ಅದ.”

“ಮುಂಬಾಗ್ಲ ಯಾವ್ದಂತ ಹುಕುಂ ಹೇಳ್ತದೋ, ಮನಿಯಾಕಿ ನಾ ಹೇಳ್ಬೇಕೋ?”

ಮರುದಿನ ಬೆಳಿಗ್ಗೆ ಆಯಿ ಮುಂಬಾಗಿಲಿಗೆ ಒಳಗಿನಿಂದ ಬೀಗ ಜಡಿದಳು. ಹಿತ್ತಲ ಹೊಸ್ತಿಲನ್ನು ಸಾರಿಸಿ, ರಂಗೋಲಿ ಎಳೆದು, ವಿಭೂತಿ ಹಚ್ಚಿ, ಊದಿನಕಡ್ಡಿ ಸಿಕ್ಕಿಸಿದಳು. ಅಂದಿನಿಂದ ಅದೇ ನಮ್ಮ ಮುಂಬಾಗಿಲು. ಭಿಕ್ಷೆಗೆ ಬಂದ ಅಯ್ಯನವರು ಗಲ್ಲಿ ಸುತ್ತಿ ಬಂದು ಎಮ್ಮೆಯ ಪಕ್ಕದಲ್ಲಿ ಪಾದ ತೊಳೆಸಿಕೊಂಡರು. ಎದುರುಮನೆಯಾಕೆ, “ಏನ್ರಿ ಆಯಿ, ಮನಿ ನಮಗ ಬೆನ್ನ ತೋರಸ್ಲಾಕತ್ತದಲ್ಲ!” ಎಂದು ನಕ್ಕರೆ, “ನಿಮಗಲ್ರೆವ್ವಾ, ಸರ್ಕಾರಕ್ಕ” ಅಂದಳು.

ಕಡೆಗೆ ಸಾಹೇಬರೇ ನೋಡಲು ಬಂದರು. ಎಮ್ಮೆ ಬಾಲ ಬೀಸಿತು, ಬಿಳಿ ಕೋಟಿನ ಮೇಲೆ ಹಸಿರು ಗೆರೆ ಮೂಡಿತು. (ಇದು ನಾನು ಕಂಡದ್ದೋ, ಆಮೇಲೆ ಸೇರಿಸಿಕೊಂಡದ್ದೋ? ಇಷ್ಟು ಚೆನ್ನಾಗಿದೆ ಎಂದೇ ಗುಮಾನಿ.) ಅವರು ಹೊಸ್ತಿಲನ್ನು ಬಹಳ ಹೊತ್ತು ನೋಡಿ, “ಪೂಜಿ ದಿನಾ ಇಲ್ಲೇನ್ರಿ?” ಅಂದರು. “ಪೂಜಿ ಆಗೋದೇ ಮುಂಬಾಗ್ಲರಿ” ಅಂದಳು ಆಯಿ. “ಒಂದು ಅರ್ಜಿ ಬರದು ಕೊಡ್ರಿ” ಎಂದು ಹೊರಟರು.

ಅರ್ಜಿ ಬರೆದವಳು ಅಕ್ಕ. ಹೊಸ್ತಿಲ ಬಳಿ ಕುಳಿತು ಆಯಿ ಹೇಳಿದಳು, ಅಕ್ಕ ಬರೆದಳು, ನಾನು ಮಸಿ ಕುಡಿಕೆ ಹಿಡಿದು ನಿಂತಿದ್ದೆ. ಆಯಿಯ ನೀಲಿ ಹೆಬ್ಬೆಟ್ಟು ಇಂದಿಗೂ ಕಾಣುತ್ತದೆ. ಹೇಳಿದ ಮಾತುಗಳು ಮಾತ್ರ ಒಂದೂ ಕೇಳಿಸುವುದಿಲ್ಲ.

ನನ್ನ ಹೆಸರು ಹಾಜರಿಯಲ್ಲಿ ಉಳಿಯಿತು. ಮೆಹರ್‌ಳ ಹೆಸರನ್ನು ಹೊಡೆದು ಹಾಕಿದರು. ಕೊನೆಯ ದಿನ ಅವಳು, “ತುಮಾರೇ ಘರ್ ಕೂ ದೋ ದರ್ವಾಜೇ. ನಮಗ ಒಂದೇ ಬಾಗ್ಲ ಅದ” ಅಂದಳು. ಸಿಟ್ಟಿನಿಂದಲ್ಲ, ಲೆಕ್ಕದ ಉತ್ತರ ಹೇಳಿದ ಹಾಗೆ. ಆ ದಿನಗಳಲ್ಲಿ ಮಗಳನ್ನು ಗಂಜು ದಾಟಿಸಿ ಕಳಿಸಲು ಅವರಪ್ಪನಿಗೆ ಧೈರ್ಯವಾಗಲಿಲ್ಲ. ಅವಳ ಓದು ಅಲ್ಲಿಗೇ ನಿಂತಿತು. ಅವಳ ಗೋಣಿತಟ್ಟು ನನ್ನ ಪಕ್ಕವೇ ಉಳಿದಿತ್ತು. ನಾನು ಅದನ್ನು ನನ್ನದರ ಮೇಲೆ ಹಾಸಿಕೊಂಡು, ಮೆತ್ತಗಾಯಿತೆಂದು ಖುಷಿಪಟ್ಟೆ.

ಹೈದರಾಬಾದಿನಲ್ಲಿ ಓದುವಾಗಿನ ನನ್ನ ಡೈರಿಯಲ್ಲಿ, ‘ಆಯಿ ಎಲ್ಲ ಹುಡುಗಿಯರಿಗಾಗಿ ಹೋರಾಡಿದಳು’ ಎಂದಿದೆ. ನಾನಾಗ ಭಾಷಣ ಸ್ಪರ್ಧೆಗಳಿಗೆ ಹೋಗುತ್ತಿದ್ದೆ, ಆ ವಾಕ್ಯವನ್ನು ನಂಬಲಾರೆ.

ಮೊನ್ನೆ ನೆರೆಮನೆಯವರೊಬ್ಬರು ಬಂದಿದ್ದರು. ಈಗಲೂ ಗೆರೆ ಬದಲಾಯಿಸುತ್ತಿದ್ದಾರಂತೆ, ಅವರ ಮಗಳು ಕಡೆಯ ವರ್ಷದಲ್ಲಿದ್ದಾಳೆ, ಅರ್ಜಿ ಬರೆದುಕೊಡಬೇಕಂತೆ. ‘ಈಗ ಓದುತ್ತಿರುವ ಎಲ್ಲ ಮಕ್ಕಳನ್ನೂ ಓದು ಮುಗಿಯುವವರೆಗೆ ಇಲ್ಲೇ ಬಿಡಬೇಕು’ ಎಂದು ಬರೆದು, ಮಕ್ಕಳ ಹೆಸರುಗಳನ್ನು ಕೇಳಿದೆ.

“ನಮ್ಮಾಕಿದಷ್ಟೇ ಹಾಕ್ರಿ ಬಾಯಾರ. ಎಲ್ಲಾರ್ದೂ ಹಾಕಿದ್ರ ಯಾರ್ದೂ ಆಗಂಗಿಲ್ಲ.”

“ಹಂಗಾರ ಬ್ಯಾರೆಯವ್ರ ಕಡಿ ಬರಸ್ಕೋರಿ. ನಾ ಒಬ್ಬಾಕಿ ಹೆಸರು ಬರಿಯಾಂಗಿಲ್ಲ.”

ಅವರು ಸಿಡಿಮಿಡಿಗೊಂಡು ಹೋದರು, ಸಂಜೆಗೆ ಒಂಬತ್ತು ಹೆಸರು ಹಿಡಿದು ಬಂದರು. ಕಾಗದ ಹಾರದಂತೆ ಮೇಲೆ ಈ ಚಾವಿ ಇಟ್ಟು ಒಂಬತ್ತನ್ನೂ ಬರೆದೆ.

ಔರಾದಿನಲ್ಲಿ ಚಾವಿ ಕೈಗೆ ಬಂದಾಗ ಅಕ್ಕನನ್ನು ಕೇಳಿದ್ದೆ. ಅವಳು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಕೇಳಿಸಿತೆಂದು ಬಲ್ಲೆ, ಬೆರಳುಗಳು ನಿಂತವು. ಆಮೇಲೆ ಮತ್ತೆ ಹರಳು ಹುಡುಕತೊಡಗಿದವು. ನಾನು ಕೇಳಿದ್ದು ಇಷ್ಟೇ:

“ಅಕ್ಕಾ, ಆ ಅರ್ಜಿಯೊಳಗ ಮೆಹರ್ ಹೆಸರು ಬರಿ ಅಂತ ಆಯಿ ಹೇಳಿದ್ಳೇನು?”