ಬಿಲ ಹೊಕ್ಕ ಹಾಮೂರ್

ನಾನು ಮೀನು ತಿನ್ನುವವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದೆಲ್ಲ ಬಾಯಿಚಪಲದ ಕತೆ ಅನ್ನಿಸಿಬಿಟ್ಟೀತು. ನಮ್ಮದು ಮೈಸೂರು ಕಡೆಯ ಮನೆ, ಮೊಟ್ಟೆಯನ್ನೂ ಹೊಸಿಲು ದಾಟಿಸುವಂತಿರಲಿಲ್ಲ. ಆದರೂ ನಾನು ಸ್ಕೂಲು ತಪ್ಪಿಸಿ ನಾಲೆಯ ಏರಿ ಮೇಲೆ ಗಾಳ ಹಾಕಿಕೊಂಡು ಕೂರುತ್ತಿದ್ದೆ. ಸಿಕ್ಕಿದ್ದನ್ನು ಯಾರಿಗಾದರೂ ಕೊಟ್ಟು, ಕೈಗೆ ಮಣ್ಣು ತಿಕ್ಕಿ ತೊಳೆದು ಮನೆಗೆ ಬರುತ್ತಿದ್ದೆ. ವಾಸನೆಯೂ ಹೋಗುತ್ತಿರಲಿಲ್ಲ, ಏಟೂ ತಪ್ಪುತ್ತಿರಲಿಲ್ಲ. ನೀರೊಳಗೆ ಕಾಣದ ಒಂದು ಜೀವ ದಾರದ ಆ ತುದಿಯನ್ನು ಮುಟ್ಟಿದಾಗ ಬೆರಳಿಗೆ ಆಗುವ ಝುಮ್ಮಿದೆಯಲ್ಲ, ಅದೊಂದಕ್ಕೆ ನಾನು ಏನು ಬೇಕಾದರೂ ಮಾಡುತ್ತಿದ್ದೆ.

ತೊಂಬತ್ತರ ದಶಕದ ನಡುವಿನಲ್ಲಿ ಈ ಚಟವನ್ನು ಕಟ್ಟಿಕೊಂಡೇ ಅರಬ್ಬರ ನಾಡಿನ ಯಾನ್ಬು ಎಂಬ ಊರಿಗೆ ಹೋದೆ. ಒಂದು ಗುತ್ತಿಗೆ ಕಂಪನಿಯಲ್ಲಿ ಫೋರ್‌ಮನ್ ಕೆಲಸ. ಕ್ಯಾಂಪಿನಿಂದ ಪಿಕಪ್‌ನಲ್ಲಿ ಹತ್ತು ನಿಮಿಷಕ್ಕೆ ಕೆಂಪು ಸಮುದ್ರ. ನಮ್ಮ ಮೆಸ್ಸಿನ ಗೋಡೆಯ ಮೇಲೆ ಯಾರೋ ಒಂದು ಫೋಟೋ ಅಂಟಿಸಿದ್ದರು. ಬೇರೆ ಕ್ಯಾಂಪಿನವನೊಬ್ಬ ಮಗುವನ್ನು ಎತ್ತಿಕೊಂಡ ಹಾಗೆ ಎರಡೂ ತೋಳಲ್ಲಿ ಒಂದು ಹಾಮೂರ್ ಎತ್ತಿಕೊಂಡು ಹಲ್ಲು ಕಿರಿಯುತ್ತಿದ್ದ. ನಮ್ಮ ಕರಾವಳಿಯವರು ಮುರು ಮೀನು ಅನ್ನುವ ಜಾತಿಯದು, ಮೈತುಂಬ ಕಂದು ಮಚ್ಚೆ, ಬಕೆಟ್ಟಿನಷ್ಟು ಬಾಯಿ. ಊಟಕ್ಕೆ ಕೂತಾಗಲೆಲ್ಲ ಆ ಫೋಟೋ ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು. ಅದಕ್ಕಿಂತ ದೊಡ್ಡದೊಂದನ್ನು ಹಿಡಿಯದೆ ಊರಿಗೆ ಹೋಗುವುದಿಲ್ಲ ಎಂದು ಹಟ ಹಿಡಿದೆ. ಎರಡು ವರ್ಷ ಶುಕ್ರವಾರ ಬಿಡದೆ ಹೋದೆ. ಮೊಣಕೈ ಉದ್ದದ ಹಾಮೂರ್‌ಗಳು ಬೇಕಾದಷ್ಟು ಬಂದವು, ಹಂಚಿದೆ. ದೊಡ್ಡದು ಮೂರು ಸಲ ದಾರ ಕಡಿದುಕೊಂಡು ಹೋಯಿತು. ಮೂರು ಸಲವೂ ಒಂದೇ ಜಾಗ, ಒಂದೇ ಬಂಡೆಯ ಅಡಿ. ಒಂದೇ ಮೀನು ಎಂದು ನಾನು ನಂಬಿದೆ.

ಆ ಜಾಗದ್ದೇ ತೊಂದರೆ. ಅಲ್ಲಿಂದ ನೋಡಿದರೆ ಕೈಗಾರಿಕಾ ಬಂದರಿನ ಕ್ರೇನುಗಳು ಎದುರಿಗೇ ಕಾಣುತ್ತಿದ್ದವು. ಕುವೈತಿನ ಯುದ್ಧ ಮುಗಿದು ವರ್ಷಗಳಾಗಿದ್ದರೂ ಬಂದರಿನ ಸುತ್ತ ಕಾವಲು ಸಡಿಲವಾಗಿರಲಿಲ್ಲ. ರಸ್ತೆ ಪಕ್ಕ ಅರಬ್ಬಿಯಲ್ಲಿ ಒಂದು ಬೋರ್ಡಿತ್ತು. ನನಗೆ ಅರಬ್ಬಿ ಮಾತು ಸಾಕಷ್ಟು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಓದಿಸಿ ಕೇಳುವ ಗೋಜಿಗೂ ಹೋಗಲಿಲ್ಲ, ಯಾಕೆಂದರೆ ಅದರಲ್ಲಿ ಏನಿದೆ ಎಂದು ನನಗೆ ಚೆನ್ನಾಗಿಯೇ ಗೊತ್ತಿತ್ತು.

ನಾನು ಧೈರ್ಯವಂತ ಎಂದುಕೊಳ್ಳಬೇಡಿ. ನನ್ನಂಥ ಪುಕ್ಕಲ ಆ ಕ್ಯಾಂಪಿನಲ್ಲಿ ಇನ್ನೊಬ್ಬನಿರಲಿಲ್ಲ. ಈಜು ಬಾರದು. ಆ ದೇಶದಲ್ಲಿರಲು ಕೊಡುವ ಪರವಾನಗಿ, ಇಕಾಮಾ, ಜೇಬಿನಲ್ಲಿದೆಯೇ ಎಂದು ದಿನಕ್ಕೆ ಹತ್ತು ಸಲ ಎದೆ ತಟ್ಟಿ ನೋಡಿಕೊಳ್ಳುತ್ತಿದ್ದೆ. ದೂರದಲ್ಲಿ ಕಾವಲಿನವರ ಹಸಿರು ಜೀಪು ಕಂಡರೆ ತಪ್ಪು ಮಾಡದಿದ್ದರೂ ಬಾಯಿ ಒಣಗುತ್ತಿತ್ತು. ಆ ಬಂಡೆಯ ಮೇಲೆ ಕೂತಾಗಲೆಲ್ಲ ನಿಮಿಷಕ್ಕೊಮ್ಮೆ ರಸ್ತೆಯ ಕಡೆ ಕಿವಿಗೊಡುತ್ತಿದ್ದೆ. ಆದರೂ ಹೋಗುತ್ತಿದ್ದೆ.

ಇಂಥ ನಾನು ಅಲ್ಲಿಗೆ ಒಬ್ಬನನ್ನು ಕರೆದುಕೊಂಡು ಹೋದೆ. ಉಡುಪಿ ಕಡೆಯ ಹುಡುಗ ಎನ್ನುತ್ತಿದ್ದರು ಎಲ್ಲರೂ, ಮೂವತ್ತರ ಹತ್ತಿರದವನು, ಮದುವೆಯಾದವನು. ಮೀನುಗಾರರ ಮನೆಯವನು, ಇಲ್ಲಿ ಪೈಪ್ ಫಿಟ್ಟರ್. ಎರಡು ವರ್ಷ ಬೊಂಬಾಯಿಯಲ್ಲಿ ಏಜೆಂಟರ ಬಾಗಿಲು ಕಾದು, ಬಂದು ಮೂರು ತಿಂಗಳೂ ತುಂಬಿರಲಿಲ್ಲ. ಇಕಾಮಾ ಇನ್ನೂ ಕೈಗೆ ಬಂದಿರಲಿಲ್ಲ, ಪಾಸ್‌ಪೋರ್ಟು ಕೆಲಸಕ್ಕೆ ಕರೆಸಿಕೊಂಡ ಧಣಿಯ, ಅಂದರೆ ಕಫೀಲನ ಕಪಾಟಿನಲ್ಲಿ. ಅವನ ಹತ್ತಿರ ಇದ್ದದ್ದು ಕಂಪನಿಯ ಒಂದು ಚೀಟಿ. ಅಂಥವನು ಬಂದರಿನ ಬಳಿ ಸಿಕ್ಕಿಬಿದ್ದರೆ ಪಾಸ್‌ಪೋರ್ಟಿಗೆ ಎಕ್ಸಿಟ್ ಮುದ್ರೆ ಹೊಡೆದು ವಿಮಾನ ಹತ್ತಿಸುತ್ತಾರೆ, ಮತ್ತೆ ಆ ದೇಶದ ಮುಖ ನೋಡುವಂತಿಲ್ಲ. ಇದು ನನಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು, ಬರಲು ಹಿಂದೆಮುಂದೆ ನೋಡಿದ. ಏನೂ ಆಗಲ್ಲ ಬಾರಯ್ಯ, ನಾನಿಲ್ಲವೇ ಎಂದೆ. ನನಗೆ ಬೇಕಾದದ್ದು ಅವನ ಕೈಚಳಕ. ಮೂರು ಸಲ ತಪ್ಪಿಸಿಕೊಂಡ ಮೀನನ್ನು ಹೇಗೆ ಹಿಡಿಯಬೇಕೆಂದು ಇವನಿಗಾದರೂ ಗೊತ್ತಿರುತ್ತದೆ ಎಂಬ ಆಸೆ.

ಅವತ್ತು ಶುಕ್ರವಾರ, ಮಧ್ಯಾಹ್ನದ ನಮಾಜು ಮುಗಿದು ರಸ್ತೆಗಳು ಖಾಲಿಯಾದ ಮೇಲೆ ಹೊರಟೆವು. ಪಿಕಪ್ಪನ್ನು ಮೇಲೆ ರಸ್ತೆ ಪಕ್ಕ ನಿಲ್ಲಿಸಿ, ಕೀಲಿಯನ್ನು ಅದರಲ್ಲೇ ಬಿಟ್ಟು, ಆಳೆತ್ತರದ ಹವಳದ ಗೋಡೆ ಇಳಿದು ನೀರಿನ ಅಂಚಿನ ಜಗಲಿಯಂಥ ಬಂಡೆಯ ಮೇಲೆ ಕೂತೆವು. ಮೇಲಿನಿಂದ ನೋಡುವವರಿಗೆ ನಾವು ಕಾಣುತ್ತಿರಲಿಲ್ಲ. ಗಾಳಿ ಬಿದ್ದುಹೋಗಿತ್ತು. ಸಮುದ್ರ ತಟ್ಟೆಯಲ್ಲಿಟ್ಟ ಹಾಗೆ ಅಲುಗದೆ ಇತ್ತು. ಅವನು ನನ್ನ ಗಾಳ ನೋಡಿ ನಕ್ಕು, ಬಿಚ್ಚಿ ಬೇರೆ ಗಂಟು ಹಾಕಿ, ಆಗಷ್ಟೇ ಹಿಡಿದ ಜೀವಂತ ಸಣ್ಣ ಮೀನೊಂದನ್ನು ಬೆನ್ನಿಗೆ ಚುಚ್ಚಿ ಇಳಿಬಿಟ್ಟ. ದಾರ ನನ್ನ ಕೈಗೆ ಕೊಟ್ಟ.

ಅರ್ಧ ಗಂಟೆಯೂ ಆಗಿರಲಿಲ್ಲ. ದಾರ ಒಂದು ಸಲ ಮೆಲ್ಲಗೆ ಎಳೆಯಿತು. ಆಮೇಲೆ ಯಾರೋ ಕೆಳಗಿನಿಂದ ಕೈಹಿಡಿದು ಜಗ್ಗಿದ ಹಾಗೆ ನನ್ನನ್ನು ಮೊಣಕಾಲಿಗೆ ಬೀಳಿಸಿತು. ಮೈಯ ರಕ್ತವೆಲ್ಲ ಬೆರಳಿಗೆ ಬಂತು. ಹಿಡಿದೆಳೆಯುವಷ್ಟರಲ್ಲಿ ದಾರ ಬಂಡೆಯ ಅಡಿಗೆ ಸೇರಿ ಬಿಗಿದು ನಿಂತಿತು. ಅದು ಬಿಲ ಹೊಕ್ಕಿತ್ತು. ಮೂರು ಸಲವೂ ನಾನು ಇಲ್ಲೇ ಕೆಟ್ಟಿದ್ದೆ, ಸಿಟ್ಟಿಗೆದ್ದು ಎಳೆದು ದಾರ ಕಡಿದುಕೊಂಡಿದ್ದೆ.

"ಎಳಿಬೇಡಿ ಅಣ್ಣ, ಸಡಿಲ ಬಿಡಿ," ಅಂದ ಅವನು. "ಕಿವಿರು ಅಗಲಿಸಿ ಕೂತಿದೆ ಅದು, ಎಳೆದರೆ ಬರ್ಲಿಕ್ಕಿಲ್ಲ. ಕದಲದೆ ಕೂತ್ಕೊಳ್ಳಿ. ಬೇಜಾರಾಗಿ ಅದೇ ಹೊರಗೆ ಬರ್ತದೆ. ನಾನು ಕೊಕ್ಕೆ ತರ್ತೇನೆ."

ಮೀನನ್ನು ಮೇಲೆತ್ತುವ ಕಬ್ಬಿಣದ ಕೊಕ್ಕೆ ಪಿಕಪ್‌ನಲ್ಲಿ ಉಳಿದಿತ್ತು. ಮರೆತವನು ನಾನು, ತರಲು ಹತ್ತಿದವನು ಅವನು. ನಾನು ದಾರವನ್ನು ಎರಡು ಬೆರಳ ನಡುವೆ ಸಡಿಲವಾಗಿ ಹಿಡಿದು ಉಸಿರು ಬಿಗಿಹಿಡಿದು ಕೂತೆ.

ಆಗಲೇ ಜೀಪಿನ ಸದ್ದು ಕೇಳಿತು. ಬ್ರೇಕು ಹಾಕಿದ್ದು, ಬಾಗಿಲು ತೆರೆದದ್ದು, ಬೂಟು ಜಲ್ಲಿಯ ಮೇಲೆ ಇಟ್ಟದ್ದು, ಎಲ್ಲ ನನ್ನ ತಲೆಯ ಮೇಲೆಯೇ ಆದ ಹಾಗೆ ಸ್ಪಷ್ಟವಾಗಿ ಕೇಳಿತು. ಕಾವಲಿನವರು ಇಕಾಮಾ ಕೇಳಿದರು. ಅವನು ಕಾಗದ ಬಿಚ್ಚಿದ ಸರಪರ ಕೂಡ ಕೇಳಿತು. ಇಲ್ಲಿ ಏನು ಮಾಡುತ್ತಿದ್ದೀ, ಎಲ್ಲಿಗೆ ಹೊರಟಿದ್ದೀ ಎಂದು ಗದರಿಸಿದರು. ಅವನಿಗೆ ಬರುತ್ತಿದ್ದ ಅರಬ್ಬಿ ನಾಲ್ಕು ಮಾತು, ಹೆದರಿಕೆಗೆ ಅವೂ ಹಾರಿಹೋಗಿರಬೇಕು.

"ಮೀನ್," ಅಂದ. "ಮೀನ್, ಮೀನ್ ಸರ್."

ಕಾವಲಿನವನ ದನಿಯೇ ಬದಲಾಯಿತು. ಮೀನಾ? ಎಂದು ಕೇಳಿದ. ಇವನು ತನ್ನ ಮಾತು ಅರ್ಥವಾಯಿತೆಂದು ತಿಳಿದು, ಹೌದು ಹೌದು, ಮೀನ್, ಮೀನ್ ಎಂದು ಇನ್ನೂ ಜೋರಾಗಿ ಹೇಳಿದ. ಸಮುದ್ರದ ಕಡೆ ಕೈ ತೋರಿಸಿಯೂ ಇರಬೇಕು. ಆ ದಿಕ್ಕಿನಲ್ಲಿ ಕಾಣುತ್ತಿದ್ದದ್ದು ಕ್ರೇನುಗಳು.

ಅರಬ್ಬಿಯಲ್ಲಿ ಮೀನಾ ಎಂದರೆ ಬಂದರು.

ಪರವಾನಗಿಯಿಲ್ಲದವನೊಬ್ಬ ಕೈಯಲ್ಲಿ ಕಬ್ಬಿಣದ ಕೊಕ್ಕೆ ಹಿಡಿದು ಬಂದರಿಗೆ ಹೋಗುತ್ತೇನೆ ಎನ್ನುತ್ತಿದ್ದಾನೆ. ಅವರಿಗೆ ಕೇಳಿಸಿದ್ದು ಇಷ್ಟೇ, ಅವರದೇನೂ ತಪ್ಪಿಲ್ಲ. ಮೀನಿಗೆ ಸಮಕ್ ಎನ್ನಬೇಕು. ಆ ಒಂದು ಮಾತು ನನ್ನ ನಾಲಗೆಯ ಮೇಲಿತ್ತು. ಸಮಕ್, ಸಮಕ್ ಎಂದು ಕೆಳಗಿನಿಂದ ಕೂಗಿ ದಾರ ತೋರಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನನ್ನನ್ನೂ ಬೈಯುತ್ತಿದ್ದರು, ಬಹುಶಃ ಇಬ್ಬರನ್ನೂ ಕರೆದುಕೊಂಡು ಹೋಗುತ್ತಿದ್ದರು, ಆದರೆ ಅನುಮಾನ ಹೋಗುತ್ತಿತ್ತು. ನಾನು ಬಾಯಿ ತೆರೆದೆ. ದನಿ ಹೊರಡಲಿಲ್ಲ.

ಎಷ್ಟು ಜನ ಇದ್ದೀರಿ ಎಂದು ಕೇಳಿದರು. ಅದು ಅವನಿಗೆ ಅರ್ಥವಾಯಿತು. "ವಾಹಿದ್," ಅಂದ. ಒಬ್ಬನೇ ಎಂದು. ಮತ್ತೆ ಕೇಳಿದರು, ಮತ್ತೆ ವಾಹಿದ್ ಎಂದೇ ಹೇಳಿದ.

ಆ ಹೊತ್ತಿಗೆ ಸರಿಯಾಗಿ ನನ್ನ ಬೆರಳ ನಡುವೆ ದಾರ ಒಂದು ಗೇಣು ಜಾರಿತು. ಮೀನು ಬಿಲದಿಂದ ತಲೆ ಹೊರಗೆ ಹಾಕುತ್ತಿತ್ತು.

ಹೆದರಿಕೆಯಿಂದ ಸುಮ್ಮನಿದ್ದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅರ್ಧ ಮಾತ್ರ ನಿಜ. ಕದಲಿದರೆ ಅದು ಮತ್ತೆ ಒಳಗೆ ಹೋಗುತ್ತದೆ ಎಂಬ ಲೆಕ್ಕವೂ ನನ್ನ ತಲೆಯಲ್ಲಿ ಓಡುತ್ತಿತ್ತು. ನಾಚಿಕೆಯಾಗುತ್ತದೆ, ಆದರೆ ಓಡುತ್ತಿತ್ತು. ಮೇಲೆ ಜೀಪಿನ ಬಾಗಿಲು ಬಡಿಯಿತು. ಪಿಕಪ್‌ನ ಕೀಲಿ ತೆಗೆದುಕೊಂಡದ್ದೂ ಕೇಳಿತು. ಅವನನ್ನು ಕೂರಿಸಿಕೊಂಡು ಜೀಪು ಹೊರಟಿತು. ಅದರ ಸದ್ದು ಕರಗುವ ಮೊದಲೇ ದಾರ ಪಕ್ಕಕ್ಕೆ ಸರಿಯಿತು, ನಾನು ಎರಡೂ ಕೈಯಿಂದ ಎಳೆದೆ.

ಎಷ್ಟು ಹೊತ್ತು ಗುದ್ದಾಡಿದೆನೋ ತಿಳಿಯದು. ಅಂಗೈ ಸೀಳಿತು. ಕೊಕ್ಕೆಯಿಲ್ಲದೆ ಬಾಯೊಳಗೇ ಕೈ ಹಾಕಿ ಬಂಡೆಯ ಮೇಲೆ ಎಳೆದುಕೊಂಡೆ. ಮೆಸ್ಸಿನ ಗೋಡೆಯ ಫೋಟೋದಲ್ಲಿದ್ದದ್ದು ಇದರ ಮರಿ ಎನ್ನಬೇಕು, ಅಷ್ಟು ದೊಡ್ಡದು. ಎರಡು ವರ್ಷ ನಾನು ಕನಸು ಕಂಡ ಮೀನು ನನ್ನ ಮುಂದೆ ಬಾಯಿ ಬಡಿಯುತ್ತಿತ್ತು. ನೋಡು ಎಂದು ತೋರಿಸಲು ಒಂದು ನರಪಿಳ್ಳೆಯೂ ಇರಲಿಲ್ಲ. ಅದರ ಪಕ್ಕ ಕೂತು ಅತ್ತೆ.

ಮೀನನ್ನು ಹೆಗಲ ಮೇಲೆ ಹೊತ್ತು ರಸ್ತೆಗೆ ಹತ್ತಿದೆ. ಕಾವಲಿನ ಠಾಣೆ ಬಲಗಡೆ, ಅರ್ಧ ಗಂಟೆಯ ನಡಿಗೆ. ಎಡಗಡೆಗೆ ಹೋದರೆ ಹೆದ್ದಾರಿ, ಯಾವುದಾದರೂ ಲಾರಿ ಹತ್ತಿ ಕ್ಯಾಂಪು ಸೇರಬಹುದು. ಅವನು ಒಬ್ಬನೇ ಎಂದು ಹೇಳಿಯಾಗಿದೆ, ನನ್ನನ್ನು ಯಾರೂ ಹುಡುಕುವುದಿಲ್ಲ. ಕಂಪನಿಯ ಪಿಕಪ್ ಅಲ್ಲೇ ನಿಂತಿತ್ತು, ಅದು ಯಾರ ಹೆಸರಿನಲ್ಲಿದೆ ಎಂದು ನಾಳೆ ಹೇಗೂ ಗೊತ್ತಾಗುತ್ತದೆ ಎಂದು ಬುದ್ಧಿ ಹೇಳಿದ್ದರಿಂದ ಬಲಕ್ಕೆ ತಿರುಗಿದೆನೋ, ಮನುಷ್ಯತ್ವ ಹೇಳಿದ್ದರಿಂದಲೋ, ಇವತ್ತಿಗೂ ಆಣೆ ಇಟ್ಟು ಹೇಳಲಾರೆ. ದಾರಿಯುದ್ದಕ್ಕೂ ಅರಬ್ಬಿ ಮಾತುಗಳನ್ನು ಜೋಡಿಸಿಕೊಂಡು ಬಾಯಿಪಾಠ ಮಾಡಿದೆ. ಮೀನಿನ ರಕ್ತ, ನನ್ನ ಕೈಯ ರಕ್ತ ಎರಡೂ ಅಂಗಿಗೆ ಇಳಿಯುತ್ತಿದ್ದವು. ಹೊತ್ತು ಮುಳುಗುವ ಬಾಂಗು ಕೇಳಿಸುವಾಗ ಠಾಣೆಯ ಬಾಗಿಲಿಗೆ ಬಂದೆ.

ಅವನು ಮೂಲೆಯಲ್ಲಿ ಬೆಂಚಿನ ಮೇಲೆ ಕೂತಿದ್ದ. ಮುಖದಲ್ಲಿ ರಕ್ತವೇ ಇರಲಿಲ್ಲ. ನನ್ನನ್ನು ಕಂಡು ತಟ್ಟನೆ ಎದ್ದು ನಿಂತ. ಮೇಜಿನ ಹಿಂದಿದ್ದ ಅಧಿಕಾರಿ ನನ್ನ ಹೆಗಲ ಮೇಲಿನದನ್ನು ನೋಡಿ ಕಣ್ಣರಳಿಸಿದ. ಅವನು ಏನನ್ನೂ ಕೇಳುವ ಮೊದಲೇ ನಾನು ಮೀನನ್ನು ಮೇಜಿನ ಮೇಲೆ ಕೆಡವಿ, ದಾರಿಯಲ್ಲಿ ಕಲಿತದ್ದನ್ನೆಲ್ಲ ಒಂದೇ ಉಸಿರಿಗೆ ಒದರಿದೆ. ಇವನು ನನ್ನ ಜೊತೆಗಾರ, ಮೀನಾಕ್ಕೆ ಹೋಗುತ್ತೇನೆ ಎಂದು ಹೇಳಿದ್ದಲ್ಲ, ನಮ್ಮ ಭಾಷೆಯಲ್ಲಿ ಸಮಕ್‌ಗೆ ಮೀನು ಎನ್ನುತ್ತಾರೆ, ಇಗೋ ಇದೇ ಮೀನು, ತಪ್ಪು ನನ್ನದು ಎಂದೆ.

ಅಧಿಕಾರಿ ಒಮ್ಮೆ ನನ್ನನ್ನು, ಒಮ್ಮೆ ಮೀನನ್ನು ನೋಡಿದ. ಮೀನು, ಮೀನಾ ಎಂದು ಮೆಲ್ಲಗೆ ಹೇಳಿಕೊಂಡ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಪಕ್ಕದ ಕೋಣೆಯವರನ್ನೂ ಕರೆದು ಹೇಳಿದ, ಅವರೂ ನಕ್ಕರು. ನನಗೆ ಚೆನ್ನಾಗಿ ಉಗಿದ, ಇನ್ನೊಂದು ಸಲ ಅಲ್ಲಿ ಕಂಡರೆ ಮೀನಿನ ಜೊತೆ ನಿನ್ನನ್ನೂ ನಿನ್ನ ದೇಶಕ್ಕೆ ಕಳಿಸುತ್ತೇನೆ ಎಂದ. ಇಬ್ಬರಿಂದಲೂ ಸಹಿ ಹಾಕಿಸಿಕೊಂಡು ಕೀಲಿ ಕೊಟ್ಟ. ಹುಡುಗನ ಚೀಟಿಯನ್ನು ಮಡಚಿ ಅವನ ಕೈಗೇ ವಾಪಸ್ ಇಟ್ಟ. ಮೀನನ್ನು ಅಲ್ಲೇ ಬಿಡಲು ಹೋದರೆ ಬೇಡ, ನಿಮ್ಮದು, ತೆಗೆದುಕೊಂಡು ಹೋಗಿ ಎಂದರು.

ಠಾಣೆಯ ಜೀಪಿನವನೊಬ್ಬ ನಮ್ಮನ್ನು ಪಿಕಪ್‌ವರೆಗೆ ಬಿಟ್ಟುಹೋದ. ಕ್ಯಾಂಪಿನ ದಾರಿ ಹಿಡಿದಾಗ ನನಗೆ ಹಗುರವಾಗಿಬಿಟ್ಟಿತ್ತು. ಬಾಯಿಗೆ ಬಂದದ್ದನ್ನೆಲ್ಲ ಮಾತಾಡಿದೆ, ಮೀನು ಹೇಗೆ ಗುದ್ದಾಡಿತು ಎಂದು ಹೇಳಿದೆ, ಅಧಿಕಾರಿಯ ನಗುವನ್ನು ಅಣಕಿಸಿದೆ. ನೀನು ಮೇಲೆ ಹೋದವನು ಎಲ್ಲಿ ಹೋದೆ ಎಂದೇ ತಿಳಿಯಲಿಲ್ಲ ಮಾರಾಯ, ಹತ್ತಿ ನೋಡಿದರೆ ನೀನೂ ಇಲ್ಲ, ಕೀಲಿಯೂ ಇಲ್ಲ, ಹೆದರಿಬಿಟ್ಟೆ ಎಂದೂ ಹೇಳಿದೆ. ಅವನ ಭಾಷೆಯ ಮಾರಾಯವನ್ನೂ ಸೇರಿಸಿ ಹೇಳಿದೆ.

ಅವನು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ. ಸ್ವಲ್ಪ ದೂರ ಹೋದ ಮೇಲೆ ಕೇಳಿದ. ದನಿಯಲ್ಲಿ ಸಿಟ್ಟಿರಲಿಲ್ಲ, ಗೊತ್ತಿಲ್ಲದ್ದನ್ನು ತಿಳಿದುಕೊಳ್ಳುವವನ ಹಾಗೆಯೇ ಕೇಳಿದ.

"ಠಾಣೆಯಲ್ಲಿ ನಿಮಗೆ ಯಾರೂ ಎಂತದ್ದೂ ಹೇಳ್ಲಿಲ್ಲ ಅಲ್ವಾ ಅಣ್ಣ? ಮತ್ತೆ, ನಾನು ಮೀನ್ ಅಂತ ಹೇಳಿದ್ದು ನಿಮಗೆ ಹೇಗೆ ಗೊತ್ತಾಯ್ತು?"

ಕ್ಯಾಂಪಿನ ಗೇಟು ಬರುವವರೆಗೂ ಅವನು ನನ್ನ ಮುಖವನ್ನೇ ನೋಡುತ್ತಿದ್ದ, ನಾನು ರಸ್ತೆಯನ್ನು ನೋಡುತ್ತಿದ್ದೆ. ಇಳಿಯುವಾಗ ಅವನು ಮೀನಿನ ಕಡೆ ಕೈ ಹಾಕಲಿಲ್ಲ.