ಮಸೂತಿಗೆ ಹೋದ ಗಿಡದ ಡಾಕ್ಟರು

ತಾಂಬಾದ ಬಸಂತರಾಯ ಬಿರಾದಾರನ ಮನೆ ಬಾಗಿಲ ಮೇಲೆ ಹೋದ ವರ್ಷದವರೆಗೂ ಒಂದು ಹಸಿರು ಬೋರ್ಡು ಇತ್ತು. ‘ಬಸಂತರಾಯ ಬಿರಾದಾರ, ವೃಕ್ಷವೈದ್ಯರು’ ಎಂದು ಸಿಂದಗಿಯ ಪೇಂಟರ್ ಒಬ್ಬನಿಂದ ದಪ್ಪ ಅಕ್ಷರದಲ್ಲಿ ಬರೆಸಿದ್ದು. ಮೂಲೆಯಲ್ಲೊಂದು ಲಿಂಬೆ ಗಿಡ, ಅದರ ಟೊಂಗೆಗೆ ಒಂದು ಸ್ಟೆತಸ್ಕೋಪು. ಸ್ಟೆತಸ್ಕೋಪು ಪೇಂಟರನ ಸ್ವಂತ ಬುದ್ಧಿ. ಬಸಂತರಾಯನಿಗೆ ಅದು ಎಷ್ಟು ಹಿಡಿಸಿತೆಂದರೆ ತನ್ನ ಮೋಟರ್ ಸೈಕಲ್ಲಿನ ಮುಂದೆಯೂ ಅದನ್ನೇ ಬರೆಸಿಕೊಂಡ.

ಹೆಂಡತಿ ಕಸ್ತೂರೆವ್ವನಿಗೆ ಮಾತ್ರ ಆ ಬೋರ್ಡು ಕಂಡರೆ ಮೈಯೆಲ್ಲ ಉರಿ. “ಯಾವ ಸಾಲ್ಯಾಗ ಕಲತ್ರಿ ಡಾಕ್ಟರಕಿ?” ಎಂದು ಮೊದಲ ದಿನವೇ ಕೇಳಿದ್ದಳು. ಬೋರ್ಡಿನಲ್ಲಿ ಮನೆಯ ಫೋನ್ ನಂಬರು ಇತ್ತು, ಆ ಫೋನು ಇರುತ್ತಿದ್ದದ್ದು ಅವಳ ಕೈಯಲ್ಲಿ. ಯಾರಾದರೂ “ಡಾಕ್ಟರ್ ಅದಾರೇನ್ರಿ?” ಎಂದರೆ ಸಾಕು, “ಇಲ್ಲಿ ಡಾಕ್ಟರ್ ಯಾರೂ ಇಲ್ರಿ. ನಮ್ಮ ಮನ್ಯಾವ್ರು ಅದಾರ, ಕೊಡ್ಲೇನು?” ಎನ್ನುವಳು. ಬಸಂತರಾಯ ಅಂಗಳದಲ್ಲಿ ಕೂತು ಹಲ್ಲು ಕಡಿಯುತ್ತಿದ್ದ.

ಹಾಗಂತ ಅವನಿಗೆ ಏನೂ ಗೊತ್ತಿರಲಿಲ್ಲ ಎಂದು ಯಾರೂ ತಿಳಿಯಬಾರದು. ಇಂಡಿ ಸೀಮೆಯವನು, ಲಿಂಬೆ ತೋಟದಲ್ಲೇ ಬೆಳೆದವನು. ಪಕ್ಕದ ಹೊಲದ ಜೈನುದ್ದೀನನ ಲಿಂಬೆ ಗಿಡಗಳು ಬುಡದಲ್ಲಿ ಅಂಟು ಸೋರಿ ಒಣಗತೊಡಗಿದಾಗ, ಬುಡಕ್ಕೆ ಏರಿಸಿದ್ದ ಮಣ್ಣನ್ನೆಲ್ಲ ಕೆದರಿಸಿ, ಮೈಲುತುತ್ತ ಸುಣ್ಣ ಕಲಸಿದ ಮುಲಾಮು ಬಳಿದು ಉಳಿಸಿಕೊಟ್ಟವನು ಇವನೇ. “ಗಿಡದ ಕಾಲು ಮುಚ್ಚಬ್ಯಾಡೋ, ಅದಕ್ಕೂ ಉಸಿರಾಡಾಕ ಬೇಕು” ಎಂದು ಅವತ್ತು ಜೈನುದ್ದೀನನಿಗೆ ಬೈದದ್ದನ್ನು ಇಡೀ ಊರೇ ಕೇಳಿತ್ತು. ಜೈನುದ್ದೀನನೋ, ಇಂಡಿಯ ಸಂತೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ “ನಮ್ಮ ಬಸಂತರಾಯ ಗಿಡದ ಡಾಕ್ಟರ್ ಅದಾನ” ಎಂದು ಸಾರುತ್ತ ಹೋದ. ಆಮೇಲೆ ವಿಜಯಪುರದಲ್ಲೊಂದು ತರಬೇತಿ ಆಯಿತು. ಭಾಷಣ, ಊಟ, ಕೊನೆಗೆ ಒಂದು ಪ್ರಮಾಣಪತ್ರ. ಬಸಂತರಾಯ ಅದಕ್ಕೆ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದ. ಜನ ಕರೆದದ್ದಾಯಿತು, ಸರಕಾರ ಬರೆದುಕೊಟ್ಟದ್ದಾಯಿತು, ಇನ್ನು ಬೋರ್ಡಿಗೇನು ಅಡ್ಡಿ ಎಂಬುದು ಅವನ ಲೆಕ್ಕ. ಇದ್ದದ್ದು ಒಂದೇ ಐಬು. ಯಾರು ಏನು ಕೇಳಿದರೂ ಬಾಯಿಂದ ಮೊದಲು ಬರುತ್ತಿದ್ದ ಮಾತು ‘ಗ್ಯಾರಂಟಿ’.

ಬೇಸಿಗೆ ಮುಗಿಯುವ ಹೊತ್ತಿಗೆ ಬಸವನ ಬಾಗೇವಾಡಿ ಕಡೆಯ ಮಸೂತಿ ಎಂಬ ಊರಿನಿಂದ ಕರೆ ಬಂತು. ಅಲ್ಲಿಯ ಶಾಲೆಯ ಹೆಡ್‌ಮಾಸ್ತರಿಕೆ ಮಾಡುತ್ತಿದ್ದ ರಂಜನಾ ಕುಲಕರ್ಣಿಯವರು ಮಾತಾಡಿದ್ದು. ಶಾಲೆಯ ಅಂಗಳದ ದೊಡ್ಡ ಬೇವು ಒಣಗುತ್ತಿದೆ, ಬಂದು ನೋಡಬೇಕು. ಆ ಬೇವಿನ ಕೆಳಗೆ ಅವರ ತಂದೆ ಶ್ರೀನಿವಾಸ ಮಾಸ್ತರರು ತಮ್ಮ ನೌಕರಿಯ ಉದ್ದಕ್ಕೂ ಪಾಠ ಹೇಳಿದ್ದರಂತೆ. ಅವರು ತೀರಿಕೊಂಡ ಮೇಲೆ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಗಿಡದ ಸುತ್ತ ಅವರ ಹೆಸರಿನಲ್ಲಿ ಕಟ್ಟೆ ಕಟ್ಟಿಸಿದ್ದರು.

ಬಸಂತರಾಯ ಹೋಗಿ ನೋಡಿದ. ಸೊಂಟದೆತ್ತರದ ಕಟ್ಟೆ, ಒಳಗೆಲ್ಲ ಮೊರಂ ಮಣ್ಣು ತುಂಬಿ ಗಟ್ಟಿ ಬಡಿದು, ಮೇಲೆ ಇಳಕಲ್ಲಿನ ಕೆಂಪು ಕಲ್ಲು ಹಾಸಿ, ಕಾಂಡದ ತನಕ ಸಂದಿಲ್ಲದಂತೆ ಸಿಮೆಂಟು ಮೆತ್ತಿದ್ದರು. ಬೇವಿನ ಬುಡ ಅಗಲವಾಗಿ ಹರಡಿ ನೆಲಕ್ಕೆ ಇಳಿಯಬೇಕು. ಇಲ್ಲಿ ಕಂಬ ಹುಗಿದಂತೆ ನೆಟ್ಟಗೆ ಕಲ್ಲಿನೊಳಗೆ ಹೋಗಿತ್ತು. ತುದಿಯ ಟೊಂಗೆಗಳು ಬೋಳು. ರೋಗ ಏನೆಂದು ಅವನಿಗೆ ಗಾಡಿಯಿಂದ ಇಳಿಯುವಾಗಲೇ ತಿಳಿದುಹೋಯಿತು.

“ಕಟ್ಟಿ ಹೆಂಗೈತ್ರಿ?” ಎಂದು ಪಂಚಾಯತಿಯ ಅಮಸಿದ್ದ ಕೇಳಿದ. ಮಾಸ್ತರರ ಹಳೆಯ ವಿದ್ಯಾರ್ಥಿ, ಕಟ್ಟೆ ಕಟ್ಟಿಸಲು ಮುಂದೆ ನಿಂತವನು. “ನಾನ ನಿಂತು ಕಟ್ಟಿಸೇನಿ. ನಮ್ಮ ಮಾಸ್ತರ ಹೆಸರಿಗೆ ಕಡಿಮಿ ಆಗಬಾರದಲ್ಲ?”

ಊರ ಹಿರಿಯರು ಸೇರಿದ್ದರು. ಚಹಾ ಬಂದಿತ್ತು, ಕುರ್ಚಿ ಹಾಕಿದ್ದರು, ತಟ್ಟೆಯಲ್ಲಿ ಶಾಲು ಕಾಯುತ್ತಿತ್ತು. ಇದ್ದದ್ದನ್ನು ಹೇಳಲು ಬಸಂತರಾಯನ ನಾಲಿಗೆ ಹೊರಳಲಿಲ್ಲ. “ಚಲೋ ಐತ್ರಿ” ಎಂದ. ತಂದಿದ್ದ ಮುಲಾಮನ್ನು ಕಾಂಡಕ್ಕೆ ಎದೆಮಟ್ಟ ನೀಲಿಯಾಗುವಂತೆ ಬಳಿದ. ರಂಜನಾ ಅವರು “ಉಳೀತದೇನ್ರಿ?” ಎಂದಾಗ “ಗ್ಯಾರಂಟಿ” ಎಂದ. ಚಪ್ಪಾಳೆ ಬಿತ್ತು. ಅಮಸಿದ್ದ ಶಾಲು ಹೊದಿಸಿ, “ವೃಕ್ಷವೈದ್ಯರು” ಎಂದು ಮೈಕು ಇಲ್ಲದೆಯೇ ಊರಿಗೆಲ್ಲ ಕೇಳುವಂತೆ ಕೂಗಿದ.

ಮನೆಗೆ ಬಂದು ಶಾಲನ್ನು ಕಸ್ತೂರೆವ್ವನಿಗೆ ಕಾಣುವಂತೆ ಮಂಚದ ಮೇಲೆ ಹರಡಿದ. ಅವಳು ರೊಟ್ಟಿ ಬಡಿಯುತ್ತಲೇ ಕೇಳಿದಳು:

“ಏನಾಗಿತ್ತು ಗಿಡಕ್ಕ?”

“ಕಾಲು ಮುಚ್ಯಾರ. ಉಸಿರು ಕಟ್ಟೇತಿ.”

“ತೆಗಿಸಿ ಬಂದ್ರೇನು?”

ಬಸಂತರಾಯ ಶಾಲಿನ ಅಂಚು ಸರಿಮಾಡಿದ.

“ಮತ್ತೇನ್ ಮಾಡಿ ಬಂದ್ರಿ?”

“ಮುಲಾಮ ಹಚ್ಚಿನಿ.”

ಕಸ್ತೂರೆವ್ವ ಕೈಯಲ್ಲಿದ್ದ ಹಿಟ್ಟನ್ನು ನಾದುವ ಪರಾತಕ್ಕೆ ಎಸೆದಳು. “ಜೈನುದ್ದೀನಣ್ಣಗ ಬಾಯಿಗೆ ಬಂದಂಗ ಬೈದ್ರಿ. ಇವರಿಗ್ಯಾಕ ಹೇಳ್ಲಿಲ್ಲ? ಜೈನುದ್ದೀನಣ್ಣ ಶಾಲು ತಂದಿರಲಿಲ್ಲಂತನ?”

ಬಸಂತರಾಯ ರೇಗಿದ, ಹೆಂಗಸರಿಗೇನು ತಿಳಿಯುತ್ತದೆ ಎಂದ, ಮೋಟರ್ ಸೈಕಲ್ ಒರೆಸಲು ಹೋದ. ಅಲ್ಲಿ ಪೇಂಟರನ ಸ್ಟೆತಸ್ಕೋಪು ಕಣ್ಣಿಗೆ ಬಿತ್ತು. ಅವನಿಗೆ ನಿಜಕ್ಕೂ ನಾಚಿಕೆಯಾಯಿತು. ತಿಳಿಯದೆ ತಪ್ಪಿದ್ದರೆ ಮಾತು ಬೇರೆ. ತಿಳಿದೂ ಬಾಯಿ ಮುಚ್ಚಿಕೊಂಡು ಬಂದವನು ಬೋರ್ಡು ಹಾಕಿಕೊಂಡು ಕೂತಿದ್ದಾನೆ.

ಮರುದಿನ ಬೆಳಗ್ಗೆ ಶಾಲು ಮಡಚಿ ಚೀಲಕ್ಕೆ ಹಾಕಿ, ಹಾರೆ ಕಟ್ಟಿಕೊಂಡು ಮತ್ತೆ ಮಸೂತಿಗೆ ಹೋದ. ರಂಜನಾ ಅವರ ಮುಂದೆ, ಅಮಸಿದ್ದನ ಮುಂದೆ ನಿಂತು, “ನಿನ್ನೆ ನಾ ಹೇಳಿದ್ದು ಸುಳ್ಳ್ರಿ. ಮುಲಾಮದಿಂದ ಏನೂ ಆಗೂದಿಲ್ಲ. ಈ ಕಟ್ಟೀನ ಗಿಡಾ ಕೊಲ್ಲಾಕತ್ತೇತಿ. ಒಡೀಬೇಕು” ಎಂದ.

ಅಮಸಿದ್ದ ಕೆಂಡವಾದ. “ನಿನ್ನಿ ಚಲೋ ಐತಿ ಅಂದಿ, ಇವತ್ತ ಒಡೀರಿ ಅಂತಿ. ಯಾವ ಸೀಮಿ ಡಾಕ್ಟರಪಾ ನೀನು? ಮಾಸ್ತರ ಹೆಸರು ಕೆತ್ತಿದ ಕಲ್ಲಿಗೆ ಹಾರಿ ಹಾಕ್ತೀ?”

ಬಸಂತರಾಯ ವಾದಕ್ಕೆ ನಿಲ್ಲಲಿಲ್ಲ. ರಂಜನಾ ಅವರನ್ನು ಕೇಳಿ, ಕಾಂಡದ ಪಕ್ಕದ ಒಂದು ಕಲ್ಲನ್ನಷ್ಟೇ ಮೀಟಿ ಎಬ್ಬಿಸಿ ಮೊರಂ ತೋಡಿದ. ಮೊಣಕೈ ಆಳದಲ್ಲಿ ತೊಗಟೆ ಕಪ್ಪಾಗಿತ್ತು, ಮುಟ್ಟಿದರೆ ನೆನೆದ ರಟ್ಟಿನಂತೆ ಕಿತ್ತು ಬರುತ್ತಿತ್ತು. ಕೊಳೆತ ವಾಸನೆ ಹೊಡೆಯಿತು. ರಂಜನಾ ಅವರು ಸೆರಗು ಸಿಕ್ಕಿಸಿಕೊಂಡು ಬಗ್ಗಿ, ತಾವೇ ಕೈಹಾಕಿ ನೋಡಿದರು. ಕೈ ಹೊರಗೆ ತೆಗೆದಾಗ ಬೆರಳಿಗೆಲ್ಲ ಕಪ್ಪು ತೊಗಟೆ ಅಂಟಿತ್ತು.

“ಒಡದ್ರ ಉಳೀತದೇನ್ರಿ?”

ಹಳೆಯ ಮಾತು ಬಸಂತರಾಯನ ನಾಲಿಗೆಯ ತುದಿಗೆ ಬಂದೇ ಬಂತು. ನುಂಗಿಕೊಂಡ. “ಗೊತ್ತಿಲ್ರಿ. ಒಡೀದಿದ್ರ ಸಾಯೂದು ಖರೆ. ಒಡದ್ರ ಉಳಿದ್ರೂ ಉಳೀತು, ಇಲ್ಲಾಂದ್ರ ಇಲ್ಲ. ನಾ ಲಿಂಬಿ ಬಲ್ಲಾಂವ. ಇಷ್ಟು ದೊಡ್ಡ ಬೇವಿಗೆ ಕೈ ಹಚ್ಚಿದ್ದು ಇದ ಮೊದಲು.”

“ನೋಡ್ರಿ ಅಕ್ಕಾರ, ಗೊತ್ತಿಲ್ಲಂತಾನ!” ಎಂದ ಅಮಸಿದ್ದ.

“ಕೇಳಿದೆ” ಎಂದರು ರಂಜನಾ. “ಒಡಸ್ರಿ ಅಮಸಿದ್ದಣ್ಣ. ಅಪ್ಪ ಪಾಠ ಹೇಳಿದ್ದು ಇದರ ನೆರಳಾಗ. ಕಲ್ಲು ನಾವು ಆಮ್ಯಾಲೆ ತಂದಿದ್ದು.”

ಸುತ್ತಿಗೆಯ ಮೊದಲ ಏಟು ಅಮಸಿದ್ದನೇ ಹಾಕಿದ, ಸಿಟ್ಟಿನಿಂದಲೇ. ಹೆಸರಿನ ಕಲ್ಲನ್ನು ಮಾತ್ರ ಒಡೆಯದೆ ಬಿಡಿಸಿ ಶಾಲೆಯ ಗೋಡೆಗೆ ಕೂರಿಸಿದರು. ಬಸಂತರಾಯ ಸಂಜೆಯವರೆಗೂ ಕೂತು ಬುಡವನ್ನು ಕೈಯಿಂದಲೇ ಬಿಡಿಸಿ, ಕೊಳೆತ ತೊಗಟೆ ಕೆರೆದು, ಬೇರು ಗಾಳಿಗೆ ಕಾಣುವಂತೆ ಮಾಡಿದ. ಹೊರಡುವಾಗ ಶಾಲು ಚಾಚಿದ. ಬೇಡ ಎನ್ನಬಹುದೆಂದು ಒಳಗೊಳಗೇ ಆಸೆಯಿತ್ತು. ಅಮಸಿದ್ದ ಇಸಿದುಕೊಂಡ.

ತಾಂಬಾಕ್ಕೆ ಬಂದವನೇ ಬೋರ್ಡು ಇಳಿಸಿ ದನದ ಕೊಟ್ಟಿಗೆಯಲ್ಲಿ ಗೋಡೆಗೆ ಆನಿಸಿಟ್ಟ. ಕಸ್ತೂರೆವ್ವ ಬಾಗಿಲಲ್ಲಿ ನಿಂತು ನೋಡಿದಳು. ಮಳೆಗಾಲದುದ್ದಕ್ಕೂ ಯಾರೂ ಕರೆಯದಿದ್ದರೂ ಅವನು ಆಗಾಗ ಮಸೂತಿಗೆ ಹೋಗಿ ಆ ಬುಡ ನೋಡಿ ಬರುತ್ತಿದ್ದ. ಬಡಗಣ ದಿಕ್ಕಿನ ದೊಡ್ಡ ಟೊಂಗೆ ಉಳಿಯಲಿಲ್ಲ, ಕೊಯ್ಯಬೇಕಾಯಿತು. ಉಳಿದ ಕಡೆ ಈ ಯುಗಾದಿಗೆ ಕೆಂಪು ಚಿಗುರು ಬಂದಿದೆ. ಪೂರ್ತಿ ಬದುಕಿತೆಂದು ಈಗಲೂ ಅವನು ಯಾರಿಗೂ ಹೇಳುವುದಿಲ್ಲ.

ಮೊನ್ನೆ ಅವನು ಹಿತ್ತಲಲ್ಲಿ ಲಿಂಬೆ ಸಸಿಗಳ ಬುಡ ಕೆದರುತ್ತಿದ್ದಾಗ ಒಳಗೆ ಫೋನು ಹೊಡೆದುಕೊಂಡಿತು. ಮುದ್ದೇಬಿಹಾಳ ಕಡೆಯ ತಂಗಡಗಿಯವರು. ಹೊಳೆದಂಡೆಯ ಹುಣಸೆ ಗಿಡ ವಾಲಿದೆಯಂತೆ, ಮಸೂತಿಯ ಅಮಸಿದ್ದ ನಂಬರು ಕೊಟ್ಟನಂತೆ. ಆ ಕಡೆಯವರು ಡಾಕ್ಟರ್ ಇದ್ದಾರೆಯೇ ಎಂದು ಕೇಳಿದರು. ಬಸಂತರಾಯ ಮಾಮೂಲಿ ಉತ್ತರಕ್ಕೆ ಕಿವಿಗೊಟ್ಟು ಕೂತ.

“ಅದಾರ್ರಿ” ಎಂದಳು ಕಸ್ತೂರೆವ್ವ. “ಡಾಕ್ಟರ್ ಹಿತ್ತಲದಾಗ ಅದಾರ. ತಡೀರಿ, ಕರೀತೇನಿ.”

ಬಸಂತರಾಯ ಮಣ್ಣುಗೈಯಲ್ಲೇ ಎದ್ದು ಒಳಗೆ ಹೋದ.