ಬಾಯೋರ ಮಗ ಯಾವ ಸಾಲಿಗೆ?

ಹೊಸ ಮನೆಗೆ ಸಾಮಾನು ಬಂದ ದಿನ ಎಲ್ಲಕ್ಕಿಂತ ಮೊದಲು ಹೊಸ್ತಿಲು ದಾಟಿದ್ದು ರೊಟ್ಟಿ ಹಂಚು. ರಾಮದುರ್ಗದಿಂದ ಬೈಲಹೊಂಗಲದವರೆಗೆ ಅದನ್ನು ನನ್ನ ಅತ್ತೆ ಟೆಂಪೋದ ಮುಂದಿನ ಸೀಟಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದರು. ಹಿಂದೆ ಕಪಾಟು, ಪಲ್ಲಂಗ, ಹೊಲಿಗೆ ಯಂತ್ರ ಗಡಗಡ ಅಲುಗಾಡಿದರೂ ಅವರಿಗೆ ಚಿಂತೆಯಿರಲಿಲ್ಲ. ವರ್ಷಗಟ್ಟಲೆ ಉರಿಯುಂಡು ಹದಗೊಂಡ ಆ ಕರಿಯ ಹಂಚಿಗೆ ಮಾತ್ರ ಪೆಟ್ಟಾಗಬಾರದು. ಅದು ತೊಂಬತ್ತರ ದಶಕದ ನಡುವಿನ ಒಂದು ಮೇ ತಿಂಗಳು. ನನಗೆ ಬೈಲಹೊಂಗಲದ ಕನ್ನಡ ಸಾಲಿಗೆ ವರ್ಗವಾಗಿತ್ತು. ಪಂಪ್‌ಸೆಟ್ಟಿನ ಮೋಟಾರುಗಳಿಗೆ ವೈಂಡಿಂಗ್ ಮಾಡುವ ನನ್ನ ಯಜಮಾನರು, ಬಾವಿಯಿರುವಲ್ಲೆಲ್ಲ ತಮಗೆ ಕೆಲಸವಿದೆಯೆಂದು ನಗುತ್ತಲೇ ಅಂಗಡಿ ಕಿತ್ತಿದ್ದರು. ಊರ ಹೊರಗೆ ಹೊಸದಾಗಿ ಬಿದ್ದ ಪ್ಲಾಟುಗಳಲ್ಲಿ ನಮಗೊಂದು ಬಾಡಿಗೆ ಮನೆ ಸಿಕ್ಕಿತ್ತು. ಸುತ್ತಲೂ ಅರ್ಧ ಎದ್ದ ಗೋಡೆಗಳು, ಮರಳಿನ ಗುಡ್ಡೆಗಳು, ನಡುನಡುವೆ ಯಾರೂ ಕೊಳ್ಳದೆ ಉಳಿದ ಎರೆಭೂಮಿ. ಮಳೆ ಬಿದ್ದರೆ ಆ ಕರಿ ಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಮನುಷ್ಯರನ್ನೆಲ್ಲ ಒಂದು ಗೇಣು ಎತ್ತರ ಮಾಡುತ್ತಿತ್ತು.

ಹಂಚಿನ ಹಿಂದೆಯೇ ಒಳಗೆ ಬಂದವರು ಪಕ್ಕದ ಮನೆಯ ಶೋಭಾ. ಕೈಯಲ್ಲಿ ಮಜ್ಜಿಗೆಯ ತಂಬಿಗೆ, ಬಾಯಲ್ಲಿ ಒಂದು ಪ್ರಶ್ನೆ. ನಾನು ಶಿಕ್ಷಕಿಯೆಂದು ಅವರಿಗೆ ಆಗಲೇ ಸುದ್ದಿ ಮುಟ್ಟಿತ್ತು. ನಮ್ಮ ಕಡೆ ಸಾಲಿಯಲ್ಲಿ ಕಲಿಸುವ ಹೆಂಗಸರನ್ನು ಬಾಯೋರು ಎನ್ನುವುದು ರೂಢಿ.

"ಬಾಯೋರ, ಮಕ್ಕಳನ್ನ ಯಾವ ಸಾಲಿಗೆ ಹಚ್ಚಾವ್ರು?"

"ಇನ್ನೂ ವಿಚಾರ ಮಾಡಿಲ್ರಿ," ಎಂದೆ.

"ಲಗೂ ಮಾಡ್ರಿ. ನಮ್ಮವು ಇಂಗ್ಲಿಷ್ ಸಾಲಿಗೆ ಹೋಗ್ತಾವ. ನಿಮ್ಮ ಸಾಲಿಗಂತೂ ನೀವು ಹಾಕಂಗಿಲ್ಲ ಬಿಡ್ರಿ!"

ಅವರು ಅದನ್ನು ಕುಹಕದಿಂದ ಹೇಳಲಿಲ್ಲ. ಹೊಸಬಳಿಗೆ ಧೈರ್ಯ ಹೇಳುವ ಪ್ರೀತಿಯ ದನಿಯಲ್ಲಿಯೇ ಹೇಳಿದರು. ಅದಕ್ಕೇ ಆ ಮಾತು ಎದೆಗೆ ಹೆಚ್ಚು ನಾಟಿತು.

ನೀವೂ ಎಂದಾದರೂ ಮನೆ ಬದಲಿಸಿದವರಾದರೆ ನಿಮಗೆ ಗೊತ್ತಿರುತ್ತದೆ: ಹೊಸ ಓಣಿಯಲ್ಲಿ ಹಾಲು ಯಾರದು ಚಲೋ, ನಲ್ಲಿಗೆ ನೀರು ಯಾವಾಗ ಎಂಬುದೆಲ್ಲ ವಾರದೊಳಗೆ ತಿಳಿದುಬಿಡುತ್ತದೆ. ಸಾಲಿಯ ವಿಷಯ ಹಾಗಲ್ಲ. ಸಾಲಿಗೆಂದು ಹೊರಟವರು ಸಾಲು ಹಚ್ಚಬೇಕು, ಕೆಲವರು ಸಾಲ ಮಾಡಬೇಕು, ಎಷ್ಟು ವಿಚಾರಿಸಿದರೂ ಸಾಲದು. ಕನ್ಯೆ ನೋಡಲು ಹೋದಂತೆ ನಾವು ಸಾಲಿಯನ್ನು ನೋಡಲು ಹೋಗುತ್ತೇವೆ. ಅಲ್ಲಿ ಹೋದ ಮೇಲೆ ಗೊತ್ತಾಗುತ್ತದೆ, ನೋಡಿಸಿಕೊಳ್ಳಲು ಕೂತವರು ನಾವೇ ಎಂದು.

ನಮ್ಮ ಮನೆಯಲ್ಲಂತೂ ಮಕ್ಕಳು ಇಬ್ಬರು, ಅಭಿಪ್ರಾಯಗಳು ಮೂರು. ಮಗಳು ನಸೀಮಾ ನಾಲ್ಕನೆಯ ಇಯತ್ತೆಗೆ ಬಂದಿದ್ದಳು, ಮಗ ಸಲೀಮ ಮೊದಲನೆಯದಕ್ಕೆ. ಯಜಮಾನರಿಗೆ ಇಂಗ್ಲಿಷ್ ಸಾಲಿಯೇ ಆಗಬೇಕು. ಅವರ ಕಾರಣವನ್ನು ಹಗುರಾಗಿ ತಳ್ಳಿಹಾಕುವಂತಿರಲಿಲ್ಲ. ಹೊಸ ಮೋಟಾರುಗಳ ಜೊತೆ ಬರುವ ಪುಸ್ತಿಕೆಯನ್ನು ಅವರು ತಿರುತಿರುವಿ ನೋಡುತ್ತಿದ್ದುದನ್ನು ನಾನು ಕಂಡಿದ್ದೆ. "ನಾ ಚಿತ್ರಾ ನೋಡಿ ತಿಳ್ಕೊಂಡೇನಿ. ನನ್ನ ಮಗಾ ಓದಿ ತಿಳ್ಕೋಬೇಕು," ಎನ್ನುತ್ತಿದ್ದರು. ಅತ್ತೆಯವರಿಗೆ ಉರ್ದು ಸಾಲಿ. "ನಿಮ್ಮ ಕನ್ನಡಾನೂ ಇರ್ಲಿ, ಇಂಗ್ಲಿಷೂ ಇರ್ಲಿ. ನಾ ಹ್ವಾದ ಮ್ಯಾಲ ಈ ಮನ್ಯಾಗ ನನ್ನ ಮಾತು ಓದಾವ್ರು ಯಾರರ ಇರಬೇಕೋ ಬ್ಯಾಡೋ?" ಮನೆಯಲ್ಲಿ ನಮ್ಮದು ಉರ್ದುವೂ ಕನ್ನಡವೂ ಕಲೆತ ಮಾತು, ಹುಳಿಗೆ ಬೆಲ್ಲ ಬಿದ್ದಂತೆ, ಎಲ್ಲಿ ಒಂದು ಮುಗಿದು ಇನ್ನೊಂದು ಸುರುವಾಗುತ್ತದೆಂದು ನಮಗೇ ತಿಳಿಯದು. ಅದರಲ್ಲಿ ಒಂದನ್ನಷ್ಟೇ ಸಾಲಿಗೆ ಕಳಿಸಿ ಇನ್ನೊಂದನ್ನು ಮನೆಯಲ್ಲಿ ಕೂಡಿಸುವುದು ಹೇಗೆ?

ಮೊದಲು ಇಂಗ್ಲಿಷ್ ಸಾಲಿಗೆ ಹೋದೆವು. ತಲೆಗೆ ಎಣ್ಣೆ ಹಚ್ಚಿ, ಬೈತಲೆ ತೆಗೆದು, ಈದ್ ಹಬ್ಬದ ಅಂಗಿ ತೊಡಿಸಿ ಸಲೀಮನನ್ನು ಮುಂದೆ ಬಿಟ್ಟುಕೊಂಡು ಹೊರಟಾಗ ಅವರಪ್ಪನ ಮುಖದಲ್ಲಿದ್ದ ಬೆಳಕನ್ನು ನೀವು ನೋಡಬೇಕಿತ್ತು. ಚೊಕ್ಕ ಸಾಲಿ. ಕೂರುವ ಬಾಂಕುಗಳಿಗೆ ಹೊಸ ಬಣ್ಣ, ಗೋಡೆಯ ತುಂಬ ಪ್ರಾಣಿಗಳ ಚಿತ್ರ. ಅಲ್ಲಿಯ ಹಿರಿಯ ಮೇಡಂ ನಗುಮುಖದವರು. ಮಗನನ್ನು ಹತ್ತಿರ ಕರೆದು ಚಿತ್ರವೊಂದನ್ನು ಹಿಡಿದು, ಇದೇನೆಂದು ಇಂಗ್ಲಿಷಿನಲ್ಲಿ ಕೇಳಿದರು. ಕೆಂಪು ಸೇಬು. ಸಲೀಮ ಕತ್ತು ವಾರೆ ಮಾಡಿ ಬಹಳ ಹೊತ್ತು ನೋಡಿದ.

"ಪ್ಯಾರಲ ಹಣ್ಣ ಐತ್ರಿ," ಎಂದ. "ಸುಳ್ಳೇ ಕೆಂಪು ಬಣ್ಣಾ ಹಚ್ಯಾರ."

ಮೇಡಂ ಮನಸಾರೆ ನಕ್ಕರು. "ಜಾಣ ಅದಾನ್ರಿ. ಭಾಷಾ ಬಂದ್ರ ಆತು, ನಾವು ತಗೋತೇವಿ," ಎಂದರು. ಯಜಮಾನರು ಗೆದ್ದವರಂತೆ ನನ್ನತ್ತ ನೋಡಿದರು. ನಾನೂ ನಕ್ಕೆ. ಆದರೆ ದಾರಿಯಲ್ಲಿ ಸಲೀಮ ನನ್ನ ಸೆರಗು ಜಗ್ಗಿ, "ಅಮ್ಮೀ, ನಾ ಹೇಳಿದ್ದು ತಪ್ಪೇನ?" ಎಂದು ಕೇಳಿದ. ಸೇಬನ್ನೇ ಕಂಡಿರದ ಹುಡುಗ ತಾನು ಕಂಡ ಸೀಬೆಹಣ್ಣಿನ ಹೆಸರು ಹೇಳಿದ್ದ. ಅದನ್ನು ತಪ್ಪೆನ್ನಲಾಗದು, ಸರಿಯೆನ್ನಲೂ ಆಗದು.

ಮರುದಿನ ಅತ್ತೆ ತಾವೇ ಬುರ್ಖಾ ತೊಟ್ಟು ಮೊಮ್ಮಕ್ಕಳಿಬ್ಬರನ್ನೂ ಉರ್ದು ಸಾಲಿಗೆ ಕರೆದೊಯ್ದರು. ಅಲ್ಲಿಯ ಉಸ್ತಾದರು ನೇಸರಗಿಯ ಕಡೆಯವರಂತೆ, ಅತ್ತೆಯ ತವರಿನವರಿಗೆ ದೂರದ ಸಂಬಂಧವಂತೆ. ಚಹಾ ಕುಡಿದು, ಯಾರು ಯಾರನ್ನು ಲಗ್ನವಾದರು ಎಂಬುದನ್ನೆಲ್ಲ ಮಾತಾಡಿ, ಬಂದ ಕೆಲಸವನ್ನು ಮರೆತೇ ಮರಳಿದರು. ನಸೀಮಾ ಮಾತ್ರ ಮನೆಗೆ ಬಂದವಳೇ ಅಜ್ಜಿಯ ಮುಂದೆ ಮುಖ ದಪ್ಪಗೆ ಮಾಡಿ, "ದಾದೀ, ನಾ ಮೂರು ವರ್ಷ ಕನ್ನಡ ಓದೇನಿ. ಈಗ ಮತ್ತ ಸಣ್ಣ ಹುಡುಗೂರ ಜೋಡಿ ಅಲೀಫ್ ಬೇ ಅಂತ ಅಕ್ಷರ ತಿದ್ಕೋತ ಕುಂಡ್ರಲೇನ?" ಎಂದು ಕೂತುಬಿಟ್ಟಳು.

ಉಳಿದದ್ದು ನನ್ನ ಸಾಲಿ. ಅದರ ಹೆಸರನ್ನು ಮನೆಯಲ್ಲಿ ಯಾರೂ ಎತ್ತಿರಲಿಲ್ಲ; ನಾನೂ ಎತ್ತಿರಲಿಲ್ಲ. ಊಟಕ್ಕೆ ಕೂತಾಗ ಯಜಮಾನರು ರೊಟ್ಟಿ ಮುರಿಯುತ್ತ ಸಹಜವಾಗಿ ಕೇಳಿದರು:

"ಖರೇ ಹೇಳು, ನೀ ಕಲಿಸೂ ಸಾಲ್ಯಾಗ ನಮ್ಮ ಹುಡುಗನ್ನ ಹಾಕಾಕ ನಿನಗ ಧೈರ್ಯ ಐತೇನು?"

ನಾನು ಪಲ್ಯ ಬಡಿಸುವ ನೆಪದಲ್ಲಿ ಎದ್ದೆ. ಸಂಬಳ ಕೊಡುವ ಸಾಲಿಯನ್ನು ಹೊಗಳುವುದು ಸುಲಭ. ಆದರೆ ಹೊಟ್ಟೆಯಲ್ಲಿ ಹುಟ್ಟಿದ ಕೂಸನ್ನು ನನ್ನದೇ ಕೈಗೆ ಒಪ್ಪಿಸುವಷ್ಟು ನನ್ನ ಮೇಲೆ ನನಗೆ ವಿಶ್ವಾಸವಿದೆಯೇ? ಹತ್ತು ಮಂದಿಯ ಮಕ್ಕಳಿಗೆ ಸಾಕೆನಿಸಿದ್ದು ನನ್ನ ಮಗನಿಗೆ ಸಾಲದೆನಿಸಿದರೆ, ಆ ಹತ್ತು ಮಂದಿಗೆ ನಾನು ಏನು ಕೊಡುತ್ತಿದ್ದೇನೆ? ಪ್ರಶ್ನೆ ಇಂಗ್ಲಿಷಿನದೂ ಅಲ್ಲ, ಉರ್ದುವಿನದೂ ಅಲ್ಲ, ನನ್ನದು.

ಸಾಲಿ ಸುರುವಾಗಲು ಇನ್ನೂ ಕೆಲವು ದಿನಗಳಿದ್ದವು. ಹೆಡ್ ಮಾಸ್ತರರು ಕಾಗದಪತ್ರದ ಕೆಲಸಕ್ಕೆಂದು ಬಂದಿರುತ್ತಾರೆಂದು ತಿಳಿದು, ಸಲೀಮನ ಕೈ ಹಿಡಿದುಕೊಂಡು ಹೊರಟೆ. ಈ ಸಲ ಬಾಯೋರಾಗಿ ಅಲ್ಲ, ಮಗನಿಗೆ ಸಾಲಿ ನೋಡುವ ತಾಯಿಯಾಗಿ. ಅದೇನು ಸೋಜಿಗವೋ, ಹಿಂದಿನ ವಾರವಷ್ಟೇ ಹಾಜರಾಗಲು ಬಂದಾಗ ಕಾಣದ್ದೆಲ್ಲ ಅಂದು ಕಂಡಿತು. ನನಗೆ ವಹಿಸಿದ್ದ ಒಂದನೆಯ ಇಯತ್ತೆಯ ಕೋಣೆಗೆ ಇದ್ದದ್ದು ಒಂದೇ ಕಿಡಕಿ. ಅದೂ ಮುರಿದ ಕಪಾಟಿನ ಹಿಂದೆ. ಕರಿಹಲಗೆಯನ್ನು ದೊಡ್ಡವರ ಎತ್ತರಕ್ಕೆ ಬಡಿದಿದ್ದರು, ಕೂಸುಗಳ ಕೈಗೆ ನಿಲುಕದು. ಹುಡುಗಿಯರ ಕಕ್ಕಸಿಗೆ ಬಾಗಿಲೇ ಇರಲಿಲ್ಲ. ಅಂಗಳದಲ್ಲಿ ಮಾತ್ರ ಒಂದು ಬೇವಿನ ಮರ ಇಡೀ ಸಾಲಿಗೆ ಸಾಲುವಷ್ಟು ನೆರಳು ಚೆಲ್ಲಿಕೊಂಡು ನಿಂತಿತ್ತು, ಸಲೀಮ ನನ್ನ ಕೈ ಬಿಡಿಸಿಕೊಂಡು ಅದರ ಬುಡಕ್ಕೆ ಓಡಿದ.

"ಸರ, ನನ್ನ ಮಗನ್ನ ನಮ್ಮ ಸಾಲಿಗೇ ಹಚ್ಚಬೇಕಂತ ಮಾಡೇನ್ರಿ," ಎಂದೆ.

ಹೆಡ್ ಮಾಸ್ತರರು ಕನ್ನಡಕ ತೆಗೆದು ನೋಡಿದರು. "ಇಲ್ಲಿ? ನಿಮ್ಮ ಮಗನ್ನ? ಬಾಯೋರ, ನಮ್ಮ ಸ್ಟಾಫಿನಾವ್ರು ಯಾರೂ ಹಚ್ಚಿಲ್ರಿ."

"ನಾ ಹಚ್ತೇನ್ರಿ. ಆದ್ರ ಒಂದೆರಡು ಮಾತು ಕೇಳೂದು ಐತ್ರಿ. ಆ ಕಪಾಟ ಸರಸಬೇಕು. ಹಲಗಿ ಕೆಳಗ ಇಳಸಬೇಕು. ಹುಡುಗ್ಯಾರ ಕಕ್ಕಸಕ್ಕ ಬಾಗಲಾ ಬೇಕು."

"ಇದನ್ನ ಬಾಯೋರು ಕೇಳಾಕ ಹತ್ತ್ಯಾರೋ, ಹುಡುಗನ ತಾಯಿ ಕೇಳಾಕ ಹತ್ತ್ಯಾಳೋ?" ಅವರ ದನಿಯಲ್ಲಿ ಸ್ವಲ್ಪ ಖಾರವಿತ್ತು.

"ತಾಯೀನೇ ರಿ. ಬಾಯೋರಿಗೆ ಇದೆಲ್ಲಾ ಕಂಡಿದ್ದಿಲ್ಲ."

ಅವರು ಕೈಯಲ್ಲಿದ್ದ ಕನ್ನಡಕವನ್ನು ಮೇಜಿನ ಮೇಲಿಟ್ಟರು. ಆಮೇಲೆ ತಾವೇ ಎದ್ದು ಬಂದು, ಅಂಗಿಯ ತೋಳು ಮಡಚಿ, ಕಪಾಟಿನ ಒಂದು ತುದಿ ಹಿಡಿದರು. "ಹಿಡೀರಿ ಆ ಕಡೆ," ಎಂದರು. ಕಪಾಟು ಸರಿದು ಕಿಡಕಿ ತೆರೆದಾಗ ವರ್ಷಗಳ ಧೂಳಿನ ಜೊತೆ ಬಿಸಿಲು ಒಳಗೆ ಬಿತ್ತು; ನಾವಿಬ್ಬರೂ ಸೀನುತ್ತ ನಕ್ಕೆವು. ಹಲಗೆ ಇಳಿಸಿ, ಕಕ್ಕಸಿನ ಬಾಗಿಲನ್ನೂ ಮುಂದೆ ಮಗುವೊಂದರ ತಂದೆ, ಬಡಿಗತನದವರು, ಸಾಲಿ ಸುರುವಾಗುವುದರೊಳಗೆ ಮಾಡಿಕೊಟ್ಟರು. ಯಾರೂ ಇಷ್ಟು ದಿನ ಕೇಳಿರಲಿಲ್ಲವಂತೆ.

ಮನೆಗೆ ಬಂದು ಯಜಮಾನರಿಗೆ ಹೇಳಿದೆ: "ಧೈರ್ಯ ಐತ್ರಿ. ಒಂದು ವರ್ಷ ನನ್ನ ಕೈಯಾಗ ಕೊಡ್ರಿ. ಮುಂದ ನಿಮಗ ಸಮಾಧಾನ ಆಗಲಿಲ್ಲಂದ್ರ ನೀವು ಹೇಳಿದಲ್ಲಿ ಹಾಕೂಣು."

ಅವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. "ಪ್ಯಾರಲ ಹಣ್ಣಂದವ ಹೆಂಗೂ ನಿನ್ನ ಪಾಲಿನಾವ," ಎಂದು ನಕ್ಕು ಅಂಗಡಿಗೆ ಹೋದರು. ನನಗೆ ಅದೇ ಒಪ್ಪಿಗೆ.

ಗೆದ್ದೆನೆಂದುಕೊಂಡು ಮಗಳ ಕಡೆ ತಿರುಗಿದೆ. ನಸೀಮಾಳೂ ನನ್ನ ಸಾಲಿಗೇ ಬರುವಳೆಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಆಕೆ ಜಡೆಯ ತುದಿಯನ್ನು ಬೆರಳಿಗೆ ಸುತ್ತುತ್ತ, "ನಾ ಒಲ್ಲೆ," ಎಂದಳು.

"ಯಾಕ ಬೇಟಾ?"

"ನೀ ಮನ್ಯಾಗೂ ಬಾಯೋರೇ ಇರ್ತಿ. ಕುಂಡ್ರೂದು ತಪ್ಪು, ನಿಂದ್ರೂದು ತಪ್ಪು, ಅಕ್ಷರ ಸೊಟ್ಟ. ಸಾಲ್ಯಾಗೂ ನೀನೇ ಇದ್ರ ನಾ ಅಮ್ಮೀನ್ನ ಎಲ್ಲಿಂದ ತರ್ಲಿ?"

ಅತ್ತೆಯವರು ಅಡಿಗೆಮನೆಯಿಂದ ಇಣುಕಿ ನೋಡಿದವರು, ಸೊಸೆಯ ಮುಖ ಕಂಡು ಹಾಗೆಯೇ ಒಳಗೆ ಹೋದರು. ನನಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚಲೋ ಇತ್ತು. ಮಗಳ ಕಣ್ಣಲ್ಲಿ ನೀರಿರಲಿಲ್ಲ, ಲೆಕ್ಕದ ಉತ್ತರ ಹೇಳುವಂತೆ ಹೇಳಿದ್ದಳು.

"ಹಂಗಾದ್ರ ಎಲ್ಲಿಗೆ ಹೋಗ್ತಿ?"

ಆಕೆ ಆಗಲೇ ಆರಿಸಿಟ್ಟಿದ್ದಳು! ಅಜ್ಜಿಯ ಜೊತೆ ಉರ್ದು ಸಾಲಿಗೆ ಹೋಗುವ ದಾರಿಯಲ್ಲಿ, ಪೇಟೆಯ ಹಿಂದಿನ ಹೆಣ್ಣುಮಕ್ಕಳ ಕನ್ನಡ ಸಾಲಿಯ ಬಯಲಿನಲ್ಲಿ, ರಜೆಯಲ್ಲೂ ಹುಡುಗಿಯರು ಲಂಗ ಎತ್ತಿ ಕಟ್ಟಿಕೊಂಡು ಖೋಖೋ ಆಡುತ್ತಿದ್ದುದನ್ನು ನೋಡಿದ್ದಳಂತೆ. "ಅಲ್ಲೆ ಹಾಕು," ಎಂದಳು. ಅಲ್ಲಿ ಯಾರು ಕಲಿಸುತ್ತಾರೆ, ಎಷ್ಟು ಮಂದಿ ಪಾಸಾಗುತ್ತಾರೆ, ಏನೂ ಗೊತ್ತಿಲ್ಲ. ಹುಡುಗಿಯರು ಓಡುತ್ತಿದ್ದರು, ಅಷ್ಟು ಸಾಕು. ಹಿರಿಯರು ಮೂವರು ವಾರಗಟ್ಟಲೆ ತಲೆ ಕೆಡಿಸಿಕೊಂಡು ಮುಟ್ಟದ ತೀರ್ಮಾನಕ್ಕೆ ಆಕೆ ರಸ್ತೆ ದಾಟುವಷ್ಟರಲ್ಲಿ ಮುಟ್ಟಿದ್ದಳು. ಹೋಗಿ ನೋಡಿದೆ. ಚಲೋ ಸಾಲಿಯೇ. ಹೆಸರು ಹಚ್ಚಿ ಬಂದೆ.

ಅತ್ತೆಯವರೂ ಸೋಲಲಿಲ್ಲ. ದಿನಾ ಸಂಜೆ ಪಡಸಾಲೆಯಲ್ಲಿ ಚಾಪೆ ಹಾಸಿ ಮೊಮ್ಮಕ್ಕಳಿಗೆ ತಾವೇ ಉರ್ದು ಹೇಳಿಕೊಡತೊಡಗಿದರು. ಇಲ್ಲಿ ಹಾಜರಿ ಇರಲಿಲ್ಲ, ಶಿಕ್ಷೆ ಇರಲಿಲ್ಲ, ನಡುನಡುವೆ ಹುರಿದ ಶೇಂಗಾ ಇತ್ತು; ಹಾಗಾಗಿ ಸಣ್ಣವರ ಜೊತೆ ಅಲೀಫ್ ಬೇ ಒಲ್ಲೆನೆಂದ ನಸೀಮಾಳೂ ಕೂತಳು. ಶೋಭಾ ಅವರ ಮಕ್ಕಳು ಟೈ ಬಿಚ್ಚಿಟ್ಟು ಶೇಂಗಾದ ಆಸೆಗೆ ಬಂದು ಸೇರುತ್ತಿದ್ದರು.

ಸಾಲಿಯ ಮೊದಲ ದಿನ ಸಲೀಮನಿಗೆ ಬುದ್ಧಿ ಹೇಳಿದ್ದೆ: "ಸಾಲ್ಯಾಗ ನಾ ಎಲ್ಲಾರಿಗೂ ಬಾಯೋರು. ನೀನೂ ಹಂಗೇ ಕರೀಬೇಕು." ಅವನು ಅದನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದನೆಂದರೆ, ಸಂಜೆ ಮನೆಯಲ್ಲಿ ತಾಟಿನ ಮುಂದೆ ಕೈಕಟ್ಟಿ ಕೂತು, "ಬಾಯೋರ, ರೊಟ್ಟಿ ಹಾಕ್ರಿ," ಎಂದ. ಅವರಪ್ಪನಿಗೆ ನಗೆಯಲ್ಲಿ ನೀರು ನೆತ್ತಿಗೇರಿತು.

ಆದರೆ ಎರಡನೆಯ ವಾರ ಆಡುವಾಗ ಬೇವಿನ ಬೇರಿಗೆ ಎಡವಿ ಬಿದ್ದ. ಮೊಣಕಾಲು ತರಚಿ ರಕ್ತ ಬಂತು. ಗಂಟೆ ಬಾರಿಸಿ ಎಲ್ಲರೂ ಒಳಗೆ ಬಂದ ಮೇಲೆ ಬಾಗಿಲಲ್ಲಿ ನಿಂತವನು ಬಾಯೋರನ್ನು ಮರೆತು, ಊರಿಗೆಲ್ಲ ಕೇಳುವಂತೆ "ಅಮ್ಮೀ!" ಎಂದು ಅತ್ತ. ನಾನೂ ಸೀಮೆಸುಣ್ಣ ಚೆಲ್ಲಿ ಓಡಿ ಎತ್ತಿಕೊಂಡೆ. ಉಳಿದ ಕೂಸುಗಳು ಕಣ್ಣರಳಿಸಿ ನೋಡಿದವು. ಅವುಗಳ ಪೈಕಿ ಎಷ್ಟೋ ಮಕ್ಕಳು ಆ ಶಬ್ದವನ್ನು ಎಂದೂ ಕೇಳಿರಲಿಲ್ಲ. ಅದು ನನ್ನ ಹೆಸರೆಂದೇ ತಿಳಿದವು. ಮರುದಿನ ಹಾಜರಿ ಹಿಡಿಯುವಾಗ ಮುಂದಿನ ಸಾಲಿನ ಒಂದು ಹುಡುಗಿ ಎದ್ದು ನಿಂತು ನಯವಾಗಿ ಕೇಳಿತು: "ಅಮ್ಮಿಬಾಯೋರ, ನೀರ ಕುಡದ ಬರ್ಲ್ರಿ?"

ವಾರದೊಳಗೆ ಇಡೀ ಸಾಲಿಗೆ ನಾನು ಅಮ್ಮಿಬಾಯೋರು. ಹೆಡ್ ಮಾಸ್ತರರ ಬಾಯಲ್ಲೂ ಒಮ್ಮೆ ಜಾರಿತು. ನನಗೆ ಒಳಗೊಳಗೇ ಹಿಗ್ಗು. ಸಲೀಮನಿಗೆ ಮಾತ್ರ ಅದನ್ನು ಸಹಿಸಲಾಗಲಿಲ್ಲ.

"ಅವರೆಲ್ಲಾ ನಿನಗ ಅಮ್ಮಿ ಅಂತಾರ," ಎಂದು ದೂರಿದ. "ನೀ ಬರೇ ನನ್ನ ಅಮ್ಮಿ ಅಂತ ಹೇಳು."

"ಸಾಲ್ಯಾಗ ಎಲ್ಲಾರಿಗೂ ಸ್ವಲ್ಪ ಸ್ವಲ್ಪ. ಮನ್ಯಾಗ ಪೂರಾ ನಿಮಗ."

ಅವನು ಅಷ್ಟಕ್ಕೇ ಬಿಡಲಿಲ್ಲ. "ಹಂಗಾದ್ರ ಮನ್ಯಾಗ ಮಗ್ಗಿ ಕೇಳಬ್ಯಾಡ."

"ಅಕ್ಷರ ಸೊಟ್ಟ ಅನ್ನಲೂ ಬ್ಯಾಡ!" ಒಳಗಿನಿಂದ ನಸೀಮಾ ಕೂಗಿದಳು.

ಒಪ್ಪಿಕೊಂಡೆ. ಮೊದಮೊದಲು ನಾಲಗೆ ಕಚ್ಚಿಕೊಳ್ಳಬೇಕಾಗುತ್ತಿತ್ತು, ಆಮೇಲೆ ರೂಢಿಯಾಯಿತು. ವರ್ಷ ಮುಗಿದಾಗ ಯಜಮಾನರು ಸಾಲಿ ಬದಲಿಸುವ ಮಾತೆತ್ತಲಿಲ್ಲ. ಮುಂದೆ ಐದನೆಯದಕ್ಕೆ ಇಂಗ್ಲಿಷ್ ಸುರುವಾದ ಮೇಲೆ ಅಪ್ಪ ಮಗ ಇಬ್ಬರೂ ಅಂಗಡಿಯಲ್ಲಿ ಮೋಟಾರಿನ ಪುಸ್ತಿಕೆ ಹರವಿಕೊಂಡು, ನಿಘಂಟು ತಿರುವುತ್ತ, ಒಂದೊಂದೇ ಶಬ್ದ ಬಿಡಿಸುತ್ತಿದ್ದರು. ನಸೀಮಾ ತಾಲೂಕು ಮಟ್ಟದವರೆಗೆ ಖೋಖೋ ಆಡಿದಳು. ಶೋಭಾ ಅವರ ಮಕ್ಕಳೂ ಚೆನ್ನಾಗಿಯೇ ಕಲಿತರು. ಯಾವ ಸಾಲಿ ಹೆಚ್ಚು, ಯಾವುದು ಕಡಿಮೆ ಎಂಬ ನ್ಯಾಯ ನಮ್ಮ ಓಣಿಯಲ್ಲಿ ಇನ್ನೂ ತೀರಿಲ್ಲ. ನನಗೆ ತಿಳಿದದ್ದು ಇಷ್ಟೇ: ಮಕ್ಕಳಿಗೆ ಸಾಲಿ ಹುಡುಕಲು ಹೋಗಿ ನಾನು ನನ್ನ ಸಾಲಿಯನ್ನು ಮೊದಲ ಸಲ ನೋಡಿದೆ.

ಇವತ್ತಿಗೂ ಆ ಮೊದಲ ವರ್ಷದ ಸಂಜೆಗಳು ನನ್ನ ಕಣ್ಣ ಮುಂದಿವೆ. ಗಂಟೆ ಬಾರಿಸಿದ ಮೇಲೆ ಸಲೀಮ ನನ್ನಿಂದ ನಾಲ್ಕು ಹೆಜ್ಜೆ ಹಿಂದೆ, ಬಾಯೋರ ಹಿಂದೆ ನಡೆಯುವ ಶಿಸ್ತಿನ ಹುಡುಗನಾಗಿ, ಪಾಟಿಚೀಲ ಎದೆಗವಚಿ ಬರುತ್ತಿದ್ದ. ನಾನು ತಿರುಗಿ ನೋಡುತ್ತಿರಲಿಲ್ಲ. ಸಾಲಿಯ ಗೇಟು ದಾಟುತ್ತಿದ್ದಂತೆ ಹಿಂದಿನಿಂದ ದಡದಡ ಓಡಿಬಂದ ಸಪ್ಪಳ, ನನ್ನ ಬೆರಳುಗಳ ನಡುವೆ ಮಸಿಯೂ ಮಣ್ಣೂ ಮೆತ್ತಿದ ಒಂದು ಪುಟ್ಟ ಕೈ.

"ಅಮ್ಮೀ," ಎನ್ನುತ್ತಿದ್ದ, "ಇವತ್ತ ಸಾಲ್ಯಾಗ ಏನಾತು ಗೊತ್ತೈತೇನ?"

ದಿನವಿಡೀ ಅದೇ ಕೋಣೆಯಲ್ಲಿದ್ದ ನಾನು, "ಇಲ್ಲಪಾ, ಏನಾತು?" ಎಂದು ಕೇಳುತ್ತ, ಎರೆಮಣ್ಣಿನ ದಾರಿಯಲ್ಲಿ ಮನೆಯವರೆಗೂ ಎಲ್ಲವನ್ನೂ ಹೊಸದಾಗಿ ಕೇಳಿಸಿಕೊಳ್ಳುತ್ತಿದ್ದೆ.